ಅರ್ಧ ಇಂಚಿನ ನಾಲ್ಕು ಅಳತೆ

ಬೆಳಗ್ಗೆ ಒಂಬತ್ತೂವರೆ ಹೊತ್ತಿಗೆ ಹೊಸಪೇಟೆಯ ಯಾವ ಹಾರ್ಡ್‌ವೇರ್ ಅಂಗಡಿಯ ಮುಂದೆ ನಿಂತರೂ ಈ ಮಾತುಕತೆ ಕಿವಿಗೆ ಬೀಳುತ್ತದೆ.

‘ಅಣ್ಣಾ, ಅರ್ಧ ಇಂಚಿಂದು ಒಂದು ಎಲ್ಬೋ ಕೊಡ್ರಿ.’

‘ಯಾವ ಪೈಪಿಗ್ರಿ? ಜಿಐಗೋ, ಪಿವಿಸಿಗೋ, ಸಿಪಿವಿಸಿಗೋ?’

‘ಪಿವಿಸಿ ಅಂತ ಕಾಣ್ತದ.’

‘ಬೂದಿ ಬಣ್ಣದ್ದೋ, ಬಿಳೀದೋ?’

‘ಗೋಡಿ ಒಳಗ ಐತಿ, ಮ್ಯಾಲೆ ಸುಣ್ಣ ಹತ್ತೈತಿ. ಬಣ್ಣ ಹೆಂಗ ಹೇಳ್ಲಿ?’

‘ತುಂಡು ತಂದೀರೇನು? ತುಂಡು ತರ್ರಿ, ನೋಡಿ ಕೊಡ್ತೀನಿ.’

ತುಂಡು ತರಬೇಕೆಂದರೆ ಪೈಪು ಕೊಯ್ಯಬೇಕು. ಕೊಯ್ದರೆ ಇಡೀ ಮನೆಗೆ ನೀರು ಬಂದ್. ಆ ದಿನವೇ ನಗರಸಭೆಯ ನೀರು ಬಿಡುವ ಸರದಿ ಇದ್ದರಂತೂ ಮನೆಯವರೆಲ್ಲ ಕೊಡ, ಬಕೆಟ್ಟು, ಡ್ರಮ್ಮು ಹಿಡಿದು ಅಂಗಳದಲ್ಲೇ ಉಳಿಯಬೇಕು. ಪ್ಲಂಬರ್ ಏಣಿಯ ಮೇಲೆ ಕೂತಿರುತ್ತಾನೆ, ಮನೆಯ ಯಜಮಾನ ಬೈಕಿನಲ್ಲಿ ಅಂಗಡಿಗೂ ಮನೆಗೂ ಓಡಾಡುತ್ತಿರುತ್ತಾನೆ. ಒಂದು ಎಲ್ಬೋ ಸಡಿಲ, ಇನ್ನೊಂದು ಬಿಗಿ, ಮೂರನೆಯದು ಕೂತಿತು ಅನ್ನುವಷ್ಟರಲ್ಲಿ ಅದರ ಇನ್ನೊಂದು ಬಾಯಿಗೆ ನಳ ಹೊಂದುವುದಿಲ್ಲ. ಸಂಜೆಯಾದರೂ ಕೆಲಸ ಮುಗಿದಿರುವುದಿಲ್ಲ, ಕೂಲಿ ಮಾತ್ರ ಪೂರಾ ದಿನದ್ದು. ಮನೆಯವರು ಪ್ಲಂಬರನನ್ನು ಬೈಯುತ್ತಾರೆ, ಪ್ಲಂಬರ್ ಅಂಗಡಿಯವರನ್ನು, ಅಂಗಡಿಯವರು ಕಂಪನಿಗಳನ್ನು. ನನ್ನ ದೃಷ್ಟಿಯಲ್ಲಿ ಬೈಗುಳ ತಿನ್ನುವವರಲ್ಲಿ ಹೆಚ್ಚಿನವರದು ತಪ್ಪಿಲ್ಲ. ತಪ್ಪಿರುವುದು, ಒಂದೇ ಹೆಸರಿನಡಿ ಬೇರೆ ಬೇರೆ ಅಳತೆಗಳನ್ನು ಮಾರುತ್ತ, ಆ ವಿಷಯವನ್ನು ಮನೆ ಕಟ್ಟಿಸುವವರಿಗೆ ಹೇಳದೆ ಬಿಡುವ ರೂಢಿಯಲ್ಲಿ.

ಅಂಗಡಿಯ ಗಲ್ಲಾದ ಮೇಲೆ ನಾಲ್ಕು ತುಂಡು ಪೈಪುಗಳನ್ನು ಸಾಲಾಗಿಟ್ಟು ವರ್ನಿಯರ್ ಕ್ಯಾಲಿಪರ್ ಹಿಡಿದು ನೋಡಿದರೆ ವಿಷಯ ತಿಳಿಯುತ್ತದೆ. ನಾಲ್ಕಕ್ಕೂ ಪೇಟೆಯಲ್ಲಿ ಅರ್ಧ ಇಂಚು ಎಂದೇ ಹೆಸರು. ಜಿಐ ಕಬ್ಬಿಣದ ಪೈಪಿನ ಹೊರ ಅಳತೆ 21.3 ಮಿಲಿಮೀಟರ್. ಹೊಲಕ್ಕೂ ಮನೆಗೂ ಬಳಸುವ ಬೂದಿ ಬಣ್ಣದ ಪಿವಿಸಿ 20 ಮಿ.ಮೀ. ಮನೆಯ ಪ್ಲಂಬಿಂಗ್‌ಗೆಂದೇ ಬರುವ ಬಿಳಿ ಯುಪಿವಿಸಿ ಮತ್ತೆ 21.3. ಬಿಸಿನೀರಿನ ಲೈನಿಗೆ ಹಾಕುವ ಕೆನೆ ಬಣ್ಣದ ಸಿಪಿವಿಸಿ 15.9. ನಿಜವಾದ ಅರ್ಧ ಇಂಚು ಅಂದರೆ 12.7 ಮಿ.ಮೀ. ನಾಲ್ಕು ತುಂಡುಗಳಲ್ಲಿ ಯಾವುದರ ಮೈಯೂ ಆ ಅಳತೆಗೆ ಹತ್ತಿರ ಇಲ್ಲ. ಒಳಬಾಯಿ ನೋಡಿದರೂ ಜಿಐನ ಮಧ್ಯಮ ದರ್ಜೆಯ ಪೈಪು 16 ಮಿ.ಮೀ. ತೋರಿಸುತ್ತದೆ.

ಇಂಚು ಬಿಟ್ಟು ಮಿಲಿಮೀಟರಿನಲ್ಲಿ ಕೇಳಿದರೆ ಸರಿಹೋಗುತ್ತದೆ ಅಂದುಕೊಳ್ಳುವವರಿಗೆ ಅಲ್ಲೂ ತೊಡಕಿದೆ. ‘20 ಎಂಎಂ ಕೊಡ್ರಿ’ ಅಂದರೆ ಬೂದಿ ಪಿವಿಸಿಯಲ್ಲಿ ಸಿಗುವುದು ಹೊರ ಅಳತೆ 20 ಇರುವ, ಪೇಟೆಯವರು ಅರ್ಧ ಇಂಚು ಅನ್ನುವ ಪೈಪು. ಅದೇ 20 ಎಂಎಂ ಸಿಪಿವಿಸಿಯಲ್ಲಿ ಮುಕ್ಕಾಲು ಇಂಚು, ಅದರ ಹೊರ ಅಳತೆ 22.2. ಜಿಐನಲ್ಲೂ 20 ಎಂಎಂ ಅಂದರೆ ಮುಕ್ಕಾಲು ಇಂಚೇ, ಆದರೆ ಹೊರ ಅಳತೆ 26.9. ಒಂದೇ ಅಂಗಡಿ, ಒಂದೇ ಸಂಖ್ಯೆ, ಮೂರು ದಪ್ಪದ ಪೈಪು. ಫೋನಿನಲ್ಲಿ ಹೇಳಿ ಹುಡುಗನ ಕೈಯಲ್ಲಿ ಸಾಮಾನು ತರಿಸಿಕೊಳ್ಳುವ ಮನೆಗಳಲ್ಲಿ ಏನಾಗುತ್ತದೆ ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಗೊಂದಲ ಯಾರೋ ಬೇಕೆಂದು ಮಾಡಿದ್ದಲ್ಲ. ಮೂರು ಬೇರೆ ಬೇರೆ ವಂಶಾವಳಿಗಳು ನಮ್ಮ ಗೋಡೆಯೊಳಗೆ ಬಂದು ಸೇರಿವೆ. ಕಬ್ಬಿಣದ ಪೈಪಿನದು ಎಲ್ಲಕ್ಕಿಂತ ಹಳೆಯದು. ಮೊದಮೊದಲು ಪೈಪಿಗೆ ಹೆಸರಿಟ್ಟದ್ದು ಒಳಬಾಯಿಯ ಲೆಕ್ಕದಲ್ಲಿ. ಆಗ ಗೋಡೆ ದಪ್ಪ ಇತ್ತು. ಮುಂದೆ ಒಳ್ಳೆಯ ಉಕ್ಕು ಬಂದು, ತೆಳು ಗೋಡೆಯೇ ಸಾಕು ಅನ್ನುವಂತಾಯಿತು. ಗೋಡೆ ತೆಳುವಾಗಿಸುವಾಗ ಹೊರ ಅಳತೆಯನ್ನು ಕುಗ್ಗಿಸುವಂತಿರಲಿಲ್ಲ, ಏಕೆಂದರೆ ಪೈಪಿನ ತುದಿಯ ಥ್ರೆಡ್ಡು, ಅದಕ್ಕೆ ಕೂರುವ ಸಾಕೆಟ್ಟು, ಎಲ್ಬೋ ಎಲ್ಲ ಆ ಹೊರ ಅಳತೆಗೇ ತಯಾರಾಗಿದ್ದವು. ಹಾಗಾಗಿ ಹೊರಗಿನದು ಹಾಗೇ ಉಳಿಯಿತು, ಒಳಗಿನದು ಅಗಲವಾಯಿತು, ಹೆಸರು ಮಾತ್ರ ಹಳೆಯದೇ. ಇಂದಿಗೂ ಜಿಐ ಪೈಪಿನ ಮೈಮೇಲೆ ಹಳದಿ ಪಟ್ಟಿ ಇದ್ದರೆ ಹಗುರ, ನೀಲಿ ಇದ್ದರೆ ಮಧ್ಯಮ, ಕೆಂಪು ಇದ್ದರೆ ಭಾರದ ದರ್ಜೆ. ಮೂರರ ಗೋಡೆಯ ದಪ್ಪ ಬೇರೆ ಬೇರೆ, ಥ್ರೆಡ್ಡು ಮಾತ್ರ ಒಂದೇ.

ಬೂದಿ ಪಿವಿಸಿ ಬಂದದ್ದು ಮೆಟ್ರಿಕ್ ಲೆಕ್ಕದಲ್ಲಿ. ಭಾರತೀಯ ಮಾನಕ 4985ರ ಪ್ರಕಾರ ಅದರ ಹೆಸರೇ ಅದರ ಹೊರ ಅಳತೆ: 20, 25, 32, 40, 50, 63, 75, 90, 110. ನೇರ, ಪ್ರಾಮಾಣಿಕ ಪದ್ಧತಿ. ಆದರೆ ನಮ್ಮ ಪೇಟೆಗಳು ಇಂಚು ಬಿಡಲಿಲ್ಲ. 20ಕ್ಕೆ ಅರ್ಧ, 25ಕ್ಕೆ ಮುಕ್ಕಾಲು, 32ಕ್ಕೆ ಒಂದಿಂಚು, 63ಕ್ಕೆ ಎರಡಿಂಚು ಎಂದು ಹಳೆಯ ಹೆಸರು ಅಂಟಿಸಿದವು.

ಸಿಪಿವಿಸಿಯ ಕಥೆ ಇನ್ನೊಂದು. ಅದು ತಾಮ್ರದ ಕೊಳವೆಯ ಜಾಗಕ್ಕೆ ಬಂದ ಪ್ಲಾಸ್ಟಿಕ್ಕು, ಹಾಗಾಗಿ ತಾಮ್ರದ ಕೊಳವೆಯ ಅಳತೆಯನ್ನೇ ಹೊತ್ತು ತಂದಿತು. ಆ ಅಳತೆಯ ನಿಯಮ ಸರಳ: ಹೆಸರಿಗಿಂತ ಹೊರ ಅಳತೆ ಒಂದು ಇಂಚಿನ ಎಂಟನೇ ಒಂದು ಭಾಗ ಹೆಚ್ಚು. ಇಂಚಿಗೆ ಎಂಟು ಸೂತು ಎಂದು ಲೆಕ್ಕ ಹಾಕುವ ನಮ್ಮ ಬಡಗಿಗಳ, ಗೌಂಡಿಗಳ ಮಾತಿನಲ್ಲಿ ಸರಿಯಾಗಿ ಒಂದು ಸೂತು. ಅರ್ಧ ಇಂಚು ಅಂದರೆ ನಾಲ್ಕು ಸೂತು, ಸಿಪಿವಿಸಿ ಅರ್ಧ ಇಂಚು ಮೈಯಲ್ಲಿ ಐದು ಸೂತು. ಮುಕ್ಕಾಲು ಅಂದರೆ ಆರು, ಮೈಯಲ್ಲಿ ಏಳು. ಇದೊಂದನ್ನು ಯಾವ ಪ್ಲಂಬರ್ ಹುಡುಗನಿಗೆ ಹೇಳಿದರೂ ಮರುಗಳಿಗೆ ತಲೆಗೆ ಹತ್ತುತ್ತದೆ, ಮರೆಯುವುದೂ ಇಲ್ಲ. ಆದರೆ ಹೇಳುವವರಿಲ್ಲ. ನಮ್ಮ ಕಡೆ ಪ್ಲಂಬಿಂಗ್ ಕಲಿತವರಲ್ಲಿ ಬಹುಪಾಲು ಜನ ಇನ್ನೊಬ್ಬ ಪ್ಲಂಬರಿನ ಹಿಂದೆ ಪಾನಾ, ಹ್ಯಾಕ್ಸಾ ಹೊತ್ತು ಓಡಾಡಿ ಕಲಿತವರು. ಕೈ ಪಳಗಿರುತ್ತದೆ, ಅಳತೆಯ ಹಿಂದಿನ ಕಾರಣ ಸಿಕ್ಕಿರುವುದಿಲ್ಲ.

ಹೊಸಪೇಟೆಯ ಹಳೆಯ ಮನೆಗಳಲ್ಲಿ ಈ ಮೂರು ವಂಶಗಳೂ ಒಂದೇ ಗೋಡೆಯಲ್ಲಿ ಸಿಗುತ್ತವೆ. ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1945ರ ಫೆಬ್ರುವರಿಯಲ್ಲಿ. 1953ರ ಹೊತ್ತಿಗೆ ಕಾಲುವೆಗೆ ನೀರು ಬಂತು. ಅಣೆಕಟ್ಟಿನ ಜೊತೆಗೇ ಊರು ಬೆಳೆಯಿತು. ಆ ಕಾಲದ ಮನೆಗಳಿಗೆ ಜಿಐ ಬಿಟ್ಟರೆ ಬೇರೆ ಪೈಪಿರಲಿಲ್ಲ. ಮುಂದೆ ಮಕ್ಕಳು ಮಹಡಿ ಎಬ್ಬಿಸಿದಾಗ ಪಿವಿಸಿ ಅಗ್ಗಕ್ಕೆ ಸಿಕ್ಕಿತು, ಮೇಲಿನ ಟ್ಯಾಂಕಿನಿಂದ ಇಳಿಯುವ ಲೈನು ಬೂದಿ ಬಣ್ಣದ್ದಾಯಿತು. 1990ರ ದಶಕದ ಕೊನೆಗೆ ಸಿಪಿವಿಸಿ ಭಾರತಕ್ಕೆ ಬಂತು. ಮಾಳಿಗೆಯ ಮೇಲೆ ಸೋಲಾರ್ ಕೂರಿಸಿದವರು ಬಿಸಿನೀರಿಗೆ ಅದನ್ನು ಎಳೆಸಿದರು. 2019ರ ಆಗಸ್ಟ್ 15ರಂದು ಜಲಜೀವನ್ ಮಿಷನ್ ಘೋಷಣೆಯಾದ ಮೇಲೆ ಸುತ್ತಲಿನ ಹಳ್ಳಿಗಳ ಅಂಗಳದಲ್ಲಿ ಪಾಲಿಥಿಲೀನ್ ಪೈಪೂ ಕಾಣಿಸಿಕೊಂಡಿತು. ಅದೂ ಹೊರ ಅಳತೆಯ ಲೆಕ್ಕದ್ದೇ, ಆದರೆ ಅದಕ್ಕೆ ಅಂಟು ಹಿಡಿಯುವುದಿಲ್ಲ. ಒಂದೋ ಕಾಯಿಸಿ ಬೆಸೆಯಬೇಕು, ಇಲ್ಲವೇ ಒತ್ತಿ ಹಿಡಿಯುವ ಕಂಪ್ರೆಶನ್ ಫಿಟಿಂಗ್ ಬೇಕು. ಪಿವಿಸಿ ಸಲ್ಯೂಶನ್ ಹಚ್ಚಿ ಕೂರಿಸಿ, ಮರುದಿನ ಕಿತ್ತುಕೊಂಡು ಬಂದಿತೆಂದು ತಲೆ ಮೇಲೆ ಕೈಹೊತ್ತವರು ಬೇಕಾದಷ್ಟು ಜನ.

ಹಳೆಯ ಗೋಡೆಯೊಂದನ್ನು ಬಿಚ್ಚುವುದನ್ನು ಹತ್ತಿರದಿಂದ ನೋಡಬೇಕು. ಚಿತ್ತವಾಡ್ಗಿ ಕಡೆಯ ಒಂದು ಮನೆ. ಬಚ್ಚಲಿನ ಗೋಡೆಯಲ್ಲಿ ತೇವ ಏರಿ ಸುಣ್ಣ ಹಪ್ಪಳವೆದ್ದಿತ್ತು. ಪ್ಲಂಬರ್ ಉಳಿ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತ ಅಂಗೈಯಗಲ ಗಾರೆ ತೆಗೆದ. ಒಳಗೆ ಜಿಐ ಎಲ್ಬೋ, ಕಬ್ಬಿಣವೋ ಮಣ್ಣೋ ಹೇಳಲಾಗದಷ್ಟು ತುಕ್ಕು. ಪೈಪ್ ರೆಂಚ್ ಹಾಕಿ ತಿರುಗಿಸಿದ. ಅಲುಗಾಡಲಿಲ್ಲ. ಸೀಮೆಎಣ್ಣೆ ಹನಿಸಿ ಕಾದ, ಮತ್ತೆ ತಿರುಗಿಸಿದ. ಈ ಸಲ ಟಕ್ ಎಂದು ಸದ್ದಾಯಿತು. ಕೈಗೆ ಬಂದದ್ದು ಪೈಪು ಮಾತ್ರ, ಅದರ ಥ್ರೆಡ್ಡಿನ ಭಾಗ ಎಲ್ಬೋದೊಳಗೇ ಮುರಿದು ಉಳಿದಿತ್ತು. ಹ್ಯಾಕ್ಸಾ ಬ್ಲೇಡನ್ನು ಬಟ್ಟೆ ಸುತ್ತಿ ಬರಿಗೈಯಲ್ಲಿ ಹಿಡಿದು, ಮುರಿದ ಬಳೆಯನ್ನು ಒಳಗಿನಿಂದ ಉದ್ದುದ್ದ ಕೊಯ್ದ. ಎಲ್ಬೋದ ಥ್ರೆಡ್ಡಿಗೆ ಬ್ಲೇಡು ತಾಗದಂತೆ ಕೊಯ್ಯಬೇಕು, ತಾಗಿದರೆ ಇಡೀ ಗೋಡೆ ಒಡೆಯಬೇಕಾಗುತ್ತದೆ. ಕೊನೆಗೆ ಸ್ಕ್ರೂಡ್ರೈವರ್ ಮೀಟಿ ಬಳೆಯನ್ನು ಒಳಮಡಚಿ ತೆಗೆದ. ಕೊಯ್ದ ಪೈಪಿನ ತುಂಡನ್ನು ಬೆಳಕಿಗೆ ಹಿಡಿದರೆ ಒಳಗೆ ಕಂದು ಗಂಟುಗಳು, ಅವುಗಳ ಮೇಲೆ ಬೋರ್ ನೀರಿನ ಬಿಳಿ ಗಾರು. ನೀರು ಹರಿಯಲು ಉಳಿದಿದ್ದ ಜಾಗಕ್ಕೆ ಪೆನ್ಸಿಲ್ ತೂರಿಸುವುದೂ ಕಷ್ಟವಿತ್ತು. ಆ ಕೆಲಸದಲ್ಲಿದ್ದ ತಾಳ್ಮೆ, ಕೈಯ ಹದ ದೊಡ್ಡದು. ಅದಕ್ಕೆ ನಾವು ಕೊಡುವ ಕೂಲಿ ಯಾವತ್ತೂ ಸಾಲದು.

ಇಷ್ಟಾದ ಮೇಲೆ ಬಂದದ್ದು ನಿಜವಾದ ತಲೆನೋವು. ಗೋಡೆಯೊಳಗಿನ ಎಲ್ಬೋ ಜಿಐ, ಇನ್ನು ಮುಂದೆ ಹಾಕಬೇಕಾದದ್ದು ಸಿಪಿವಿಸಿ. ಎರಡನ್ನೂ ನೇರ ಸೇರಿಸಲಾಗದು. ಒಂದು ಕಡೆ ಥ್ರೆಡ್ಡು, ಇನ್ನೊಂದು ಕಡೆ ಅಂಟಿಸುವ ಬಾಯಿ ಇರುವ ಅಡಾಪ್ಟರ್ ಬೇಕು. ಅಂಗಡಿಯಲ್ಲಿ ಅದನ್ನು ಎಂಟಿಎ, ಎಫ್‌ಟಿಎ ಎಂದು ಕೇಳಬೇಕು: ಹೊರಗೆ ಥ್ರೆಡ್ಡಿದ್ದರೆ ಎಂಟಿಎ, ಒಳಗಿದ್ದರೆ ಎಫ್‌ಟಿಎ. ಪೂರ್ತಿ ಪ್ಲಾಸ್ಟಿಕ್ಕಿನದೂ ಬರುತ್ತದೆ, ಹಿತ್ತಾಳೆಯ ಥ್ರೆಡ್ಡು ಕೂರಿಸಿದ್ದೂ ಬರುತ್ತದೆ. ಬೆಲೆಯಲ್ಲಿ ಅಂತರ ಇದೆ. ಆ ಅಂತರ ಉಳಿಸಲು ಹೋಗಿ ಕೆಟ್ಟವರ ಗೋಡೆಗಳನ್ನು ಪ್ರತಿ ಬೀದಿಯಲ್ಲೂ ತೋರಿಸಬಹುದು. ಪೈಪಿನ ಥ್ರೆಡ್ಡು ತುದಿಗೆ ಹೋಗುತ್ತ ಸಣ್ಣಗಾಗುವಂಥದ್ದು. ತಿರುಗಿಸಿದಷ್ಟೂ ಬೆಣೆಯಂತೆ ಒಳಗೆ ನುಗ್ಗಿ ಹಿಗ್ಗಿಸುತ್ತದೆ. ಪ್ಲಾಸ್ಟಿಕ್ ಬಾಯಿಯೊಳಗೆ ಕಬ್ಬಿಣದ ಥ್ರೆಡ್ಡು ಹಾಕಿ ಬಿಗಿದರೆ ಅಂದು ಸರಿಯೆನಿಸಿ, ತಿಂಗಳುಗಳ ಮೇಲೆ ಒಂದು ಕೂದಲೆಳೆಯ ಬಿರುಕು ಬಿಡುತ್ತದೆ. ಕಬ್ಬಿಣಕ್ಕೆ ಕೂರುವ ಪ್ಲಾಸ್ಟಿಕ್ ಬಾಯಿಗೆ ಹಿತ್ತಾಳೆ ಇರಲೇಬೇಕು.

ಅಳತೆ ಕೂಡದಾಗ ನಮ್ಮಲ್ಲಿ ನಡೆಯುವ ಮದ್ದುಗಳು ಎಲ್ಲರಿಗೂ ಗೊತ್ತು. ಟೆಫ್ಲಾನ್ ಟೇಪನ್ನು ಸುತ್ತಿ ಸುತ್ತಿ ದಪ್ಪ ಮಾಡುವುದು, ಎಂ-ಸೀಲ್ ಮೆತ್ತುವುದು, ಸೈಕಲ್ ಟ್ಯೂಬು ಸೀಳಿ ಬಿಗಿಯಾಗಿ ಕಟ್ಟುವುದು, ಪೈಪಿನ ತುದಿ ಕಾಸಿ ಹಿಗ್ಗಿಸುವುದು. ಟೇಪು ಇರುವುದು ಥ್ರೆಡ್ಡಿನ ಸಂದಿಯ ಸಣ್ಣ ದಾರಿಯನ್ನು ಮುಚ್ಚಲು, ಒಂದೂವರೆ ಮಿಲಿಮೀಟರಿನ ಅಂತರ ತುಂಬಲು ಅಲ್ಲ. ಪಿವಿಸಿ ಸಲ್ಯೂಶನ್ನಿನದೂ ಅದೇ ಮಾತು. ಜನ ಅದನ್ನು ಗೋಂದು ಅಂದುಕೊಳ್ಳುತ್ತಾರೆ. ಅದು ಎರಡೂ ಮೈಗಳನ್ನು ಮೆತ್ತಗೆ ಮಾಡಿ ಒಂದಕ್ಕೊಂದು ಕರಗಿ ಬೆರೆಯುವಂತೆ ಮಾಡುತ್ತದೆ. ಪೈಪು ಸಾಕೆಟ್ಟಿನೊಳಗೆ ಅರ್ಧ ದಾರಿಯಲ್ಲೇ ಬಿಗಿಯಾಗಿ ಹಿಡಿಯಬೇಕು, ಆಗಲೇ ಆ ಬೆಸುಗೆ. 21.3ರ ಬಾಯಿಗೆ 20ರ ಪೈಪು ತೂರಿಸಿ ಎಷ್ಟು ಸಲ್ಯೂಶನ್ ಸುರಿದರೂ ನಡುವೆ ಉಳಿಯುವುದು ಒಣಗಿದ ಪೊರೆ ಮಾತ್ರ, ಮೇಲಿನ ಟ್ಯಾಂಕು ತುಂಬಿದ ರಾತ್ರಿ ಅದು ಬಿಟ್ಟುಕೊಳ್ಳುತ್ತದೆ.

ಬಿಸಿನೀರಿನ ಲೈನಿನಲ್ಲಿ ಈ ಬೆರಕೆ ಇನ್ನೂ ಅಪಾಯ. ಸಿಪಿವಿಸಿ 93 ಡಿಗ್ರಿ ಸೆಲ್ಸಿಯಸ್‌ವರೆಗೂ ತಡೆಯುವಂತೆ ತಯಾರಾದದ್ದು. ಸಾದಾ ಪಿವಿಸಿ 60 ಡಿಗ್ರಿ ದಾಟುವ ಮೊದಲೇ ಸೋಲುತ್ತದೆ. ನಮ್ಮ ಕಡೆಯ ಬೇಸಗೆಯಲ್ಲಿ ಸೋಲಾರ್ ಟ್ಯಾಂಕಿನ ನೀರು ಅದನ್ನು ಸಲೀಸಾಗಿ ದಾಟುತ್ತದೆ. ನಡುವೆ ಎಲ್ಲೋ ಒಂದು ಮೊಳ ಪೈಪು ಸಿಗಲಿಲ್ಲವೆಂದು ಬಿಳಿ ಯುಪಿವಿಸಿ ಹಾಕಿ ಮುಚ್ಚಿದರೆ, ಅದು ಬಾಗಿ ಕೀಲು ಬಿಡುವುದು ಖಂಡಿತ.

ಅಳತೆ ಕೂಡಿಸಿ, ನೀರು ಸೋರದಂತೆ ಮಾಡಿಯೂ ಮನೆಯವರು ಬೇಸರಪಟ್ಟುಕೊಳ್ಳುವ ಪ್ರಸಂಗ ಒಂದಿದೆ. ಹಳೆಯ ಅರ್ಧ ಇಂಚಿನ ಜಿಐ ಕಿತ್ತು ಅರ್ಧ ಇಂಚಿನದೇ ಸಿಪಿವಿಸಿ ಹಾಕಿಸಿರುತ್ತಾರೆ. ಶವರ್ ತಿರುಗಿಸಿದರೆ ನೀರು ಮೊದಲಿನಂತೆ ಬರುವುದಿಲ್ಲ. ಪ್ಲಂಬರ್ ಮೋಸ ಮಾಡಿದ ಎಂಬ ಅನುಮಾನ. ಲೆಕ್ಕ ನೋಡಿ: ಹೊಸ ಜಿಐನ ಒಳಬಾಯಿ 16 ಮಿ.ಮೀ. ಇದ್ದರೆ ಸಿಪಿವಿಸಿಯದು ಸುಮಾರು 12.4. ಒಳಬಾಯಿ ಕುಗ್ಗಿದಾಗ ಹರಿವು ಅದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ, ಅದಕ್ಕಿಂತ ಬಹಳ ಹೆಚ್ಚು ಕುಗ್ಗುತ್ತದೆ. ಒಳಬಾಯಿಯ ಲೆಕ್ಕವೊಂದನ್ನೇ ಹಿಡಿದರೆ ಹರಿವು ಅರ್ಧಕ್ಕೆ ಇಳಿಯುತ್ತದೆ, ಪ್ಲಾಸ್ಟಿಕ್ಕಿನ ನುಣುಪು ಅದರಲ್ಲಿ ಸ್ವಲ್ಪವನ್ನು ತುಂಬಿಕೊಡುತ್ತದೆ ಅಷ್ಟೆ. ಪಟ್ಟಣದ ದೊಡ್ಡ ಕಟ್ಟಡಗಳಲ್ಲಿ ಪ್ರೆಶರ್ ಪಂಪು ಇರುತ್ತದೆ. ನಮ್ಮ ಮನೆಗಳಲ್ಲಿ ಟ್ಯಾಂಕಿನ ಎತ್ತರವೇ ಒತ್ತಡ. ಹತ್ತು ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಒಂದು ಕೆ.ಜಿ. ಮಾಳಿಗೆಯ ಮೇಲಿನ ಸಿಂಟೆಕ್ಸು ನಳಕ್ಕಿಂತ ಮೂರು ಮೀಟರ್ ಎತ್ತರದಲ್ಲಿದ್ದರೆ ಸಿಗುವುದು 0.3 ಕೆ.ಜಿ. ಅಷ್ಟು ಕಡಿಮೆ ಒತ್ತಡದಲ್ಲಿ ಒಂದೊಂದು ಮಿಲಿಮೀಟರೂ ಗೊತ್ತಾಗುತ್ತದೆ. ಅರ್ಧ ಇಂಚಿನ ಜಿಐ ತೆಗೆದ ಜಾಗಕ್ಕೆ ಮುಕ್ಕಾಲು ಇಂಚಿನ ಸಿಪಿವಿಸಿಯೇ ಬರಬೇಕು, ಅದರ ಒಳಬಾಯಿ 18 ಮಿ.ಮೀ. ನಳದ ಬಾಯಿಯ ಹತ್ತಿರ ಮಾತ್ರ ಅರ್ಧಕ್ಕೆ ಇಳಿಸಿದರೆ ಸಾಕು.

ಹಂಪಿಯ ಸುತ್ತ ಈ ರಿಪೇರಿಯ ಗೋಳು ಇನ್ನಷ್ಟು ಹೆಚ್ಚು. 1986ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಪ್ರದೇಶ ಅದು. ಹೊಸದಾಗಿ ಕಟ್ಟುವುದಕ್ಕೆ ಕಟ್ಟುಪಾಡುಗಳಿವೆ. ಕಡ್ಡಿರಾಂಪುರ, ಕಮಲಾಪುರದ ಕಡೆ ಹಳೆಯ ಮನೆಗಳಿಗೇ ತೇಪೆ ಹಾಕಿ ಬಾಳುವವರು ಬಹಳ ಜನ. ಹಳೆಯ ಪೈಪಿಗೆ ಹೊಸದು, ಅದಕ್ಕೆ ಇನ್ನೊಂದು ಹೊಸದು.

ಅದೇ ಹಂಪಿಯಲ್ಲಿ, ಮಹಾನವಮಿ ದಿಬ್ಬದ ಹತ್ತಿರ, ಉತ್ಖನನದಲ್ಲಿ ಹೊರಬಂದ ಮೆಟ್ಟಿಲು ಪುಷ್ಕರಣಿ ಇದೆ. 1980ರ ದಶಕದಲ್ಲಿ ಭಾರತೀಯ ಪುರಾತತ್ವ ಇಲಾಖೆ ಮಣ್ಣು ಸರಿಸಿ ತೆಗೆದದ್ದು. ಅದಕ್ಕೆ ನೀರು ತಂದ ಕಲ್ಲಿನ ಮೇಲ್ಗಾಲುವೆ ಕಂಬಗಳ ಮೇಲೆ ಈಗಲೂ ನಿಂತಿದೆ. ಪ್ರವಾಸಿಗಳು ದೂರದಿಂದ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಆದರೆ ಆ ಕಪ್ಪು ಕಲ್ಲುಗಳ ಮೇಲೆ ಕನ್ನಡ ಅಕ್ಷರಗಳ ಗುರುತುಗಳಿವೆ. ಈ ಕಲ್ಲು ಯಾವ ದಿಕ್ಕಿನದು, ಯಾವ ಸಾಲಿನದು, ಸಾಲಿನಲ್ಲಿ ಎಷ್ಟನೆಯದು ಎಂದು ತಿಳಿಸುವ ಗುರುತುಗಳು. ಕಲ್ಲುಗಳನ್ನು ಬೇರೆ ಕಡೆ ಕಡೆದು, ಗುರುತು ಹಾಕಿ, ತಂದು ಆಯಾ ಜಾಗಕ್ಕೆ ಕೂರಿಸಿದ್ದಾರೆ. ಆವರಣದಲ್ಲಿ ಗಾರೆಯೊಳಗೆ ಹುದುಗಿಸಿದ ಸುಟ್ಟ ಮಣ್ಣಿನ ಕೊಳವೆಗಳೂ ಸಿಕ್ಕಿವೆ. ನೂರಾರು ಕಲ್ಲುಗಳಲ್ಲಿ ಒಂದೂ ಅಡ್ಡಾದಿಡ್ಡಿಯಾಗದಂತೆ ನೋಡಿಕೊಂಡದ್ದು ಕಲ್ಲಿನ ಮೈಮೇಲೆ, ಕಟ್ಟುವವನಿಗೆ ಓದಲು ಬರುವ ಲಿಪಿಯಲ್ಲಿ ಬರೆದ ಎರಡು ಮೂರು ಅಕ್ಷರ. ಆ ಊರಿನಲ್ಲಿ ಇಂದು ಮಾರುವ ಎಲ್ಬೋದ ಮೇಲೆ ಅದು ಯಾವ ಹೊರ ಅಳತೆಗೆ ಕೂರುತ್ತದೆ ಎಂಬುದು ಕನ್ನಡದಲ್ಲಿ ಇರಲಿ, ಯಾವ ಭಾಷೆಯಲ್ಲೂ ಎಷ್ಟೋ ಸಲ ಇರುವುದಿಲ್ಲ. ಬರಿ 20 ಎಂದೋ, ಅರ್ಧ ಎಂದೋ ಅಚ್ಚೊತ್ತಿರುತ್ತದೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಸಂಡೂರಿಗೆ ಬಂದರೆ ಸಮಸ್ಯೆಯ ಇನ್ನೊಂದು ಮುಖ. ಅದು ಗಣಿಯ ಊರು, ಯಂತ್ರಗಳ ಊರು. ದೋಣಿಮಲೈ, ದೇವಗಿರಿಯಂಥ ಕಾಲೊನಿಗಳ ಸುತ್ತ ಬೆಳೆದವರಿಗೆ ಕಬ್ಬಿಣದ ಪೈಪು, ಡೈ ಸೆಟ್ಟು ಹೊಸದಲ್ಲ. ಗಣಿಯಂತ್ರಗಳ ಸಂಪರ್ಕದಿಂದ ಅಲ್ಲಿನ ಮೆಕ್ಯಾನಿಕ್‌ಗಳಿಗೆ ತಿಳಿದಿರುವ ಒಂದು ಸಂಗತಿ ಮನೆ ಪ್ಲಂಬರ್‌ಗಳಿಗೆ ತಿಳಿಯದೆ ಕಾಟ ಕೊಡುತ್ತದೆ: ಎರಡು ಥ್ರೆಡ್ಡುಗಳು ಒಂದೇ ಅಗಲ, ಇಂಚಿಗೆ ಒಂದೇ ಸಂಖ್ಯೆಯ ಸುತ್ತು ಇದ್ದರೂ ಬೇರೆ ಬೇರೆ ಜಾತಿಯವಾಗಿರಬಹುದು. ಭಾರತದಲ್ಲಿ ನೀರಿನ ಪೈಪಿಗೆ ನಡೆಯುವುದು ಬ್ರಿಟಿಷ್ ಮೂಲದ ಥ್ರೆಡ್ಡು, ಜೋಸೆಫ್ ವಿಟ್‌ವರ್ತ್ 1841ರಲ್ಲಿ ಸೂಚಿಸಿದ 55 ಡಿಗ್ರಿ ಕೋನದ್ದು. ಅಮೆರಿಕದ್ದು 60 ಡಿಗ್ರಿ. ಅರ್ಧ ಇಂಚು, ಮುಕ್ಕಾಲು ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತು. ಹಾಗಾಗಿ ಹೊರದೇಶದ ಶವರೋ ಫಿಲ್ಟರೋ ತಂದು ಕೂರಿಸಿದರೆ ಕೆಲವು ಸುತ್ತು ನಯವಾಗಿ ಹೋಗುತ್ತದೆ, ಆಮೇಲೆ ಹಿಡಿದುಕೊಳ್ಳುತ್ತದೆ. ಬಲ ಹಾಕಿದರೆ ಕೂರುತ್ತದೆ ಕೂಡ. ಆದರೆ ಥ್ರೆಡ್ಡಿನ ಏಣುಗಳು ಒಂದಕ್ಕೊಂದು ಕೂಡದೆ ನೀರು ಸುರುಳಿ ದಾರಿ ಹಿಡಿದು ಹೊರಬರುತ್ತದೆ. ಒಂದಿಂಚಿನಲ್ಲಿ ಬ್ರಿಟಿಷರದು 11 ಸುತ್ತು, ಅಮೆರಿಕದ್ದು ಹನ್ನೊಂದೂವರೆ. ಅಲ್ಲಿ ಬೇಗ ಗೊತ್ತಾಗುತ್ತದೆ. ಪಿಚ್ ಗೇಜ್ ಎಂಬ ಹಲ್ಲಿನ ಪಟ್ಟಿಯನ್ನು ಥ್ರೆಡ್ಡಿಗೆ ಒತ್ತಿ ಬೆಳಕಿಗೆ ಹಿಡಿದರೆ ಜಾತಿ ತಿಳಿಯುತ್ತದೆ. ಮೆಕ್ಯಾನಿಕ್‌ನ ಪೆಟ್ಟಿಗೆಯಲ್ಲಿರುವ ಈ ಸಣ್ಣ ಉಪಕರಣ ಪ್ಲಂಬರನ ಚೀಲದಲ್ಲೂ ಇರಬೇಕು.

ಅಳತೆಗೆ ಕೂಡುವ ಒಂದು ತುಂಡು ಕೈಗೆ ಸಿಗದಿದ್ದರೆ ಏನಾಗುತ್ತದೆ ಎಂಬುದನ್ನು ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಈ ನಾಲ್ಕೂ ಊರಿನವರು 2024ರ ಆಗಸ್ಟಿನಲ್ಲಿ ಕಣ್ಣಾರೆ ನೋಡಿದ್ದಾರೆ. 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯ, 60 ಅಡಿ ಅಗಲದ ಬಾಯಿ. ಹರಿಯುವ ನೀರಿನ ನಡುವೆ ಇಳಿಸಬಲ್ಲ ಅಡ್ಡಹಲಗೆ, ಅಂದರೆ ಸ್ಟಾಪ್‌ಲಾಗ್, ಆ ಗೇಟಿನ ಅಳತೆಗೆ ಸಿದ್ಧವಿರಲಿಲ್ಲ. ಅಣೆಕಟ್ಟು ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಈ ಭಾಗದ ವರ್ಕ್‌ಶಾಪುಗಳಲ್ಲೇ ಹಗಲಿರುಳು ಕೂತು ಅದನ್ನು ಮಾಡಿಸಬೇಕಾಯಿತು. ಮೊದಲ ಪ್ರಯತ್ನ ಕೈಗೂಡಲಿಲ್ಲ. 16ರಂದು ಮೊದಲ ತುಂಡು ಕೂತಿತು, ಆಮೇಲೆ ಉಳಿದವು. ಅಷ್ಟರಲ್ಲಿ ಹರಿದುಹೋದ ನೀರಿನ ಸಂಕಟ ಕಂಪ್ಲಿಯ ಭತ್ತದ ರೈತರಿಗೆ ಗೊತ್ತು.

ಕಂಪ್ಲಿಯಲ್ಲಿ ಪೈಪಿನ ಮಾತು ಎತ್ತಿದರೆ ಅದು ಮನೆಯಿಂದ ಗದ್ದೆಗೆ ಜಾರುತ್ತದೆ. ಅಲ್ಲಿ ಪಂಪ್‌ಸೆಟ್ಟಿನ ಪೈಪು, ಮನೆಯ ಪೈಪು ಎರಡೂ ಒಂದೇ ಅಟ್ಟದ ಮೇಲಿರುತ್ತವೆ, ಅವಸರಕ್ಕೆ ಅದರಿಂದ ಇದಕ್ಕೆ ತೆಗೆದು ಹಾಕುತ್ತಾರೆ. ರೈತರ ಎರಡಿಂಚು 63 ಮಿ.ಮೀ., ಪ್ಲಂಬಿಂಗ್‌ನ ಎರಡಿಂಚು 60.3. ರೈತರ ಎರಡೂವರೆ 75, ಪ್ಲಂಬಿಂಗ್‌ನದು 73. ಮೂರಿಂಚಿಗೆ ಬಂದಾಗ 90 ಮತ್ತು 88.9, ಇಲ್ಲಿ ಕಣ್ಣಿಗೂ ಕೈಗೂ ಮೋಸವಾಗುತ್ತದೆ, ಕೂತಂತೆ ಕಂಡು ಸೋರುತ್ತದೆ. ನಾಲ್ಕಿಂಚಿಗೆ ಲೆಕ್ಕವೇ ತಿರುಗಿ ರೈತರದು ಸಣ್ಣದು, 110, ಪ್ಲಂಬಿಂಗ್‌ನದು 114.3. ಗದ್ದೆಯ ಬದುವಿನ ಮೇಲೆ ಒಣಹುಲ್ಲಿಗೆ ಬೆಂಕಿ ಹಚ್ಚಿ, ಪೈಪಿನ ತುದಿಯನ್ನು ಅದರ ಮೇಲೆ ತಿರುಗಿಸುತ್ತ ಮೆತ್ತಗೆ ಮಾಡಿ, ಇನ್ನೊಂದು ಪೈಪಿನ ಮೇಲೆ ಒತ್ತಿ ಬಾಯಿ ಹಿಗ್ಗಿಸುವುದು ಅಲ್ಲಿನ ರೂಢಿಯ ಉಪಾಯ. ಗದ್ದೆಯಲ್ಲಿ, ಒತ್ತಡ ಕಡಿಮೆ ಇರುವಲ್ಲಿ, ಸೋರಿದರೂ ನೀರು ಮಣ್ಣಿಗೇ ಸೇರುವಲ್ಲಿ ಅದು ನಡೆಯುತ್ತದೆ, ನಾನು ಅದನ್ನು ಹೀಗಳೆಯುವುದಿಲ್ಲ. ಆದರೆ ಹಿಗ್ಗಿಸಿದ ಬಾಯಿಯ ಗೋಡೆ ತೆಳುವಾಗಿರುತ್ತದೆ, ಒಂದೊಂದು ಕಡೆ ಸುಟ್ಟಿರುತ್ತದೆ. ಅದನ್ನು ಮನೆಯ ಗೋಡೆಯೊಳಗೆ ಇಟ್ಟು ಟೈಲ್ಸ್ ಮುಚ್ಚುವುದು ಬೇಡವೇ ಬೇಡ.

ತುಂಡು ಕೊಯ್ದು ಒಯ್ಯಲಾಗದಾಗ, ವರ್ನಿಯರ್ ಇಲ್ಲದಾಗ ಒಂದು ಕಾಗದದ ಪಟ್ಟಿ ಸಾಕು. ಪೈಪಿನ ಸುತ್ತ ಬಿಗಿಯಾಗಿ ಒಂದು ಸುತ್ತು ಸುತ್ತಿ, ಕೂಡುವ ಜಾಗಕ್ಕೆ ಗೆರೆ ಎಳೆದು, ಬಿಡಿಸಿ ಸ್ಕೇಲಿನಲ್ಲಿ ಅಳೆಯಿರಿ. 5 ಸೆಂಟಿಮೀಟರ್ ಬಂದರೆ ಅದು ಸಿಪಿವಿಸಿ ಅರ್ಧ ಇಂಚು. 6.3 ಬಂದರೆ ಬೂದಿ ಪಿವಿಸಿ 20. 6.7 ಬಂದರೆ ಜಿಐ ಅಥವಾ ಬಿಳಿ ಯುಪಿವಿಸಿಯ ಅರ್ಧ ಇಂಚು. 7 ಬಂದರೆ ಸಿಪಿವಿಸಿ ಮುಕ್ಕಾಲು. ಸುಮಾರು 7.9 ಬಂದರೆ ಬೂದಿ 25. 8.4ರ ಆಸುಪಾಸು ಬಂದರೆ ಜಿಐ ಅಥವಾ ಬಿಳಿಯ ಮುಕ್ಕಾಲು. ಗದ್ದೆಯ ಎರಡಿಂಚು 19.8, ಪ್ಲಂಬಿಂಗ್‌ನ ಎರಡಿಂಚು 18.9. ತುಕ್ಕು, ಸುಣ್ಣ ಕೆರೆದು ಅಳೆಯಬೇಕು ಅನ್ನುವುದಷ್ಟೇ ಎಚ್ಚರ. ಪೈಪಿನ ಉದ್ದಕ್ಕೂ ಅಚ್ಚಾಗಿರುವ ಸಾಲು ಅಳಿಸಿರದಿದ್ದರೆ ಇನ್ನೂ ಒಳ್ಳೆಯದು: 4985 ಎಂದಿದ್ದರೆ ಹೊರ ಅಳತೆಯ ಪಿವಿಸಿ, 15778 ಎಂದಿದ್ದರೆ ಸಿಪಿವಿಸಿ, 1239 ಎಂದಿದ್ದರೆ ಜಿಐ.

ಹೊಸ ಮನೆ ಕಟ್ಟಿಸುತ್ತಿರುವವರಲ್ಲಿ ನನ್ನದೊಂದು ಕೇಳಿಕೆ ಇದೆ. ಗಾರೆ ಮುಚ್ಚುವ ಮೊದಲು ಪ್ರತಿ ಗೋಡೆಯ ಫೋಟೊ ತೆಗೆಯಿರಿ, ಪೈಪಿನ ಪಕ್ಕ ಅಳತೆಪಟ್ಟಿ ಇಟ್ಟು ತೆಗೆಯಿರಿ. ಪ್ರತಿ ಬಚ್ಚಲಿಗೂ, ಅಡುಗೆಮನೆಗೂ ಒಂದೊಂದು ಬೇರೆ ವಾಲ್ವ್ ಹಾಕಿಸಿ. ಒಂದು ಕಡೆ ಕೊಯ್ದರೆ ಇಡೀ ಮನೆ ನೀರಿಲ್ಲದೆ ಕೂರಬಾರದು. ಬಿಚ್ಚಬೇಕಾಗಿ ಬರುವ ಕಡೆ ಯೂನಿಯನ್ ಹಾಕಿಸಿ, ಕೀಲನ್ನು ಕೊಯ್ಯದೆ ಬಿಚ್ಚಬಹುದು. ಅಂಗಡಿಯವರಿಗೂ ಒಂದು ಮಾತು: ಬಿಲ್ಲಿನಲ್ಲಿ ‘ಅರ್ಧ ಇಂಚು ಎಲ್ಬೋ’ ಎಂದು ಬರೆಯುವ ಬದಲು ಅದರ ಮುಂದೆ ಹೊರ ಅಳತೆಯನ್ನೂ ಬರೆದುಕೊಡಿ. ನಗರಸಭೆ, ಪುರಸಭೆ, ಗ್ರಾಮ ಪಂಚಾಯ್ತಿಗಳು ಮನೆಗೆ ನಳದ ಸಂಪರ್ಕ ಕೊಡುವಾಗ, ರಸ್ತೆಯಿಂದ ಒಳಬಂದ ಪೈಪು ಯಾವ ಜಾತಿಯದು, ಹೊರ ಅಳತೆ ಎಷ್ಟು, ಎಷ್ಟು ಆಳದಲ್ಲಿದೆ ಎಂಬುದನ್ನು ರಸೀದಿಯ ಹಿಂದೆ ಕನ್ನಡದಲ್ಲಿ ನಮೂದಿಸಬೇಕು. ಇದಕ್ಕೆ ಹೊಸ ಕಾನೂನು ಬೇಡ, ಅನುದಾನ ಬೇಡ, ಪೈಪು ಹಾಕಿದವನು ಅಲ್ಲೇ ನಿಂತು ಬರೆಯುವ ಒಂದು ಸಾಲು. ಆ ಕಾಗದವನ್ನು ಮನೆ ಪತ್ರಗಳ ಜೊತೆ ಬೀರುವಿನಲ್ಲಿ ಇಟ್ಟರೆ ಬೇಕಾದಾಗ ಸಿಗುವುದಿಲ್ಲ. ಕರೆಂಟು ಮೀಟರಿನ ಬಾಗಿಲ ಒಳಮೈಗೆ ಅಂಟಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ.